ಖಾಸಗಿ ವೃಕ್ಷಸಂಪತ್ತೂ ವನ್ಯಮೃಗರಕ್ಷಣೆಯೂ

ಎಣಿಕೆಯ ವಿಷಯದಲ್ಲಿ ನಮ್ಮ ಸರಕಾರದವರನ್ನು ಯಾರೂ ದೂರುವಂತಿಲ್ಲ. 2023ನೆಯ ಇಸವಿಯ ಮೇ ತಿಂಗಳಿನಲ್ಲಿ ಅರಣ್ಯ ಇಲಾಖೆಯ ನೌಕರರು ಮೂರು ದಿನಗಳ ಪರ್ಯಂತ ಕಾಡುಮೇಡುಗಳನ್ನು ಸುತ್ತಿದರು. ಆನೆಗಳನ್ನು ಕಣ್ಣಾರೆ ಕಂಡೂ, ಲದ್ದಿಯನ್ನು ಲೆಕ್ಕವಿಟ್ಟೂ, ನೀರಿನ ಕಟ್ಟೆಗಳ ಬಳಿ ಕಾದು ಕುಳಿತೂ, ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜು ಮಾಡಿದರು. ಅದರ ಹಿಂದಿನ ವರ್ಷದ ಗಣತಿಯಂತೆ ನಮ್ಮ ರಾಜ್ಯದ ಹುಲಿಗಳ ಸಂಖ್ಯೆ 563. ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಣ ಸಂಸ್ಥೆಯವರು ಆಕಾಶದಲ್ಲಿ ತಿರುಗುವ ಉಪಗ್ರಹಗಳ ಕಣ್ಣಿನಿಂದ ನೋಡಿ, ಯಾವ ಜಿಲ್ಲೆಯಲ್ಲಿ ಎಷ್ಟು ಚದರ ಕಿಲೋಮೀಟರು ಹಸುರಿದೆಯೆಂದು ಆಗಾಗ್ಗೆ ವರದಿ ಹೊರಡಿಸುತ್ತಾರೆ. ಇವೆಲ್ಲವೂ ಶ್ಲಾಘ್ಯವಾದ ಕಾರ್ಯಗಳೇ. ಆದರೆ ಇಷ್ಟನ್ನೆಲ್ಲ ಎಣಿಸಿದವರು ಒಂದು ಬಾಬನ್ನು ಮಾತ್ರ ಕೈಬಿಟ್ಟಿದ್ದಾರೆ. ಸರಕಾರದ್ದಲ್ಲದ ನೆಲದಲ್ಲಿ ನಿಂತಿರುವ ಲಕ್ಷಾಂತರ ಮರಗಳ ಒಡೆಯರು ಯಾರು? ಆ ಮರಗಳನ್ನು ಅವರು ಏಕೆ ಉಳಿಸಿಕೊಂಡು ಬಂದಿದ್ದಾರೆ? ಇನ್ನೆಷ್ಟು ಕಾಲ ಉಳಿಸುವ ಮನಸ್ಸಿದೆ? ಅವುಗಳ ನೆರಳಿನಲ್ಲಿ ಆನೆ, ಕಾಟಿ, ಮಂಗಟ್ಟೆಗಳು ಸುಳಿದಾಡುವುದನ್ನು ಎಷ್ಟರ ಮಟ್ಟಿಗೆ ಸಹಿಸಬಲ್ಲರು? ಈ ಪ್ರಶ್ನೆಗಳನ್ನು ಸರಕಾರವು ಜಿಲ್ಲೆಯಾದ್ಯಂತ ಮನೆಬಾಗಿಲಿಗೆ ಹೋಗಿ ಕ್ರಮವಾಗಿ ಕೇಳಿದ್ದನ್ನು ನಾವು ಕಂಡಿಲ್ಲ. ವಿದ್ವಾಂಸರು ಅಲ್ಲೊಂದು ಇಲ್ಲೊಂದು ಊರಿನ ತೋಟಗಾರರನ್ನು ಮಾತನಾಡಿಸಿ ಪ್ರಬಂಧಗಳನ್ನು ಬರೆದಿದ್ದಾರೆ. ಪ್ರಬಂಧಗಳು ಗ್ರಂಥಭಂಡಾರವನ್ನು ಸೇರಿದವು. ಸರಕಾರದ ಆಜ್ಞೆಗಳು ತಮ್ಮ ದಾರಿಯಲ್ಲಿ ತಾವು ಹೋದವು.

ಈ ಲೋಪವು ಅಲ್ಪವಾದದ್ದೆಂದು ತಿಳಿಯುವವರು ಕೊಡಗಿನ ಕಡೆಗೆ ಒಮ್ಮೆ ದೃಷ್ಟಿ ಹರಿಸಬೇಕು. 4,102 ಚದರ ಕಿಲೋಮೀಟರು ವಿಸ್ತಾರದ ಆ ಸಣ್ಣ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಅರಣ್ಯಾವರಣವಿದೆಯೆಂದು ಮೇಲೆ ಹೇಳಿದ ವರದಿಗಳು ಸಾರುತ್ತವೆ. ಓದಿದವರಿಗೆ ಸಂತೋಷವಾಗುವುದು ಸಹಜ. ಆದರೆ ಆ ಸಂಸ್ಥೆಯ ಲೆಕ್ಕದ ನಿಯಮವೇನು? ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಮರದ ನೆರಳಿದ್ದರೆ, ಅದು ಯಾರ ಸ್ವತ್ತಾದರೂ ಆಗಲಿ, ಯಾವ ಜಾತಿಯ ಮರವಾದರೂ ಆಗಲಿ, ಅರಣ್ಯಾವರಣವೆಂದೇ ಎಣಿಕೆ. ಆದುದರಿಂದ ಆಕಾಶದಿಂದ ಕಾಡಾಗಿ ಕಾಣುವುದರಲ್ಲಿ ಬಹುಭಾಗವು ನೆಲಕ್ಕಿಳಿದು ನೋಡಿದರೆ ಕಾಫಿಯ ತೋಟ. ಅಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿ ಕಾಫಿಯಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ಜಿಲ್ಲೆಯಲ್ಲಿಯೇ ಬೆಳೆಯುತ್ತದೆ. ತೋಟದವರೆಂದೊಡನೆ ಬಂಗಲೆಯನ್ನೂ ಮೋಟಾರನ್ನೂ ನೆನೆಯುವವರು, ಬೆಳೆಗಾರರಲ್ಲಿ ಬಹುಪಾಲು ಜನ ಇಪ್ಪತ್ತೈದು ಎಕರೆಗಿಂತ ಕಡಿಮೆ ಭೂಮಿಯುಳ್ಳ ಸಣ್ಣ ಹಿಡುವಳಿದಾರರೆಂಬುದನ್ನು ಮರೆಯಬಾರದು. ಕಾಫಿಯ ಗಿಡದ ಮೇಲೆ ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಅತ್ತಿ, ನೇರಳೆ ಮೊದಲಾದ ನಾಡಮರಗಳು ಛತ್ರಿ ಹಿಡಿದು ನಿಂತಿರುವುದರಿಂದಲೇ ಅದು ಮೇಲಿನವರಿಗೆ ಕಾಡಾಗಿ ಕಾಣುವುದು, ಹಕ್ಕಿಗೂ ಮೃಗಕ್ಕೂ ಕಾಡಾಗಿ ಒದಗುವುದು. ಮಂಗಟ್ಟೆಗೆ ಗೂಡು ಮಾಡಲು ಮುಪ್ಪಾದ ದೊಡ್ಡ ಮರದ ಪೊಟರೆಯೇ ಬೇಕು. ತಿನ್ನಲು ಅತ್ತಿ ಗೋಣಿಗಳ ಹಣ್ಣು ಬೇಕು. ಆನೆಗೆ ಬೇಸಗೆಯಲ್ಲಿ ತೋಟದ ಕೆರೆಯ ನೀರೂ, ಮಳೆಗಾಲದ ಮೊದಲಿಗೆ ಹಲಸಿನ ಹಣ್ಣೂ ಬೇಕು. ಸರ್ವೆ ಕಲ್ಲು ಎಲ್ಲಿದೆಯೆಂದು ಅವು ನೋಡುವುದಿಲ್ಲ. ಸರಕಾರದ ಮೀಸಲು ಕಾಡಿಗೂ ಮತ್ತೊಂದು ಮೀಸಲು ಕಾಡಿಗೂ ನಡುವೆ ಇರುವ ನೆಲವೆಲ್ಲ ಖಾಸಗಿಯವರದು; ವನ್ಯಮೃಗಗಳ ಭವಿಷ್ಯದಲ್ಲಿ ಅರೆಪಾಲು ಆ ಒಡೆಯನ ಕೈಯಲ್ಲಿದೆ ಎಂದರೆ ಅತ್ಯುಕ್ತಿಯಾಗಲಾರದು.

ಆ ಒಡೆಯನು ಈಗ ಮಾಡುತ್ತಿರುವುದೇನು? ನಾಡಮರವೊಂದು ಬಿದ್ದ ಕಡೆ, ಅಥವಾ ಕಡಿದ ಕಡೆ, ಸಿಲ್ವರ್ ಓಕ್ ಸಸಿಯನ್ನು ನೆಡುತ್ತಿದ್ದಾನೆ. ಆಸ್ಟ್ರೇಲಿಯಾ ಖಂಡದಿಂದ ಬಂದ ಈ ಮರವು ನೆಟ್ಟಗೆ ಬೇಗನೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಿದರೆ ಕಾಸು. ನಮ್ಮ ಮಂಗಟ್ಟೆಗೆ ಅದರಲ್ಲಿ ಹಣ್ಣಿಲ್ಲ, ಹಾರುಬೆಕ್ಕಿಗೆ ಪೊಟರೆಯಿಲ್ಲ. ಉಪಗ್ರಹದ ಕಣ್ಣಿಗೆ ಮಾತ್ರ ಹಸುರು ಹಸುರಾಗಿಯೇ ಇರುತ್ತದೆ. ಅತ್ತಿಯ ಮರ ಹೋಗಿ ಓಕ್ ಬಂದರೂ ವರದಿಯ ಅಂಕಿಯಲ್ಲಿ ಒಂದು ಗುಂಜಿಯಷ್ಟೂ ವ್ಯತ್ಯಾಸವಾಗುವುದಿಲ್ಲ. ಅಧಿಕಾರಿಗಳು ತೃಪ್ತರಾಗಿರುತ್ತಾರೆ, ಕಾಡು ಒಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ.

ಇದನ್ನು ಲೋಭವೆಂದು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ಕಾರಣವನ್ನು ಹುಡುಕಿದರೆ ಅದರ ಅರ್ಧವಾದರೂ ನಮ್ಮ ಕಾಯಿದೆಗಳ ಪುಟದಲ್ಲಿಯೇ ಸಿಕ್ಕುವುದು. 1976ರ ಕರ್ನಾಟಕ ವೃಕ್ಷಸಂರಕ್ಷಣಾ ಕಾಯಿದೆಯ ಪ್ರಕಾರ ತನ್ನ ನೆಲದ ಮರವನ್ನು ಕಡಿಯಲು ಒಡೆಯನು ಪರವಾನಿಗೆ ಪಡೆಯಬೇಕು. ಆದರೆ ಕೆಲವು ಜಾತಿಯ ಮರಗಳಿಗೆ ಈ ನಿರ್ಬಂಧವಿಲ್ಲ, ಆ ವಿನಾಯಿತಿಯ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ನೀಲಗಿರಿಯೂ ಇದೆ, ಗಾಳಿಮರವೂ ಇದೆ. ಬೀಟೆ ಹೊನ್ನೆಗಳಿಲ್ಲ. ಕಾಯಿದೆ ಮಾಡಿದವರ ಉದ್ದೇಶ ಸಾಧುವಾದದ್ದೇ: ಬೆಲೆಯುಳ್ಳ ನಾಡಮರ ಉಳಿಯಲಿ ಎಂಬುದು. ಫಲವೋ, ತಲೆಕೆಳಗು. ಇಂದು ಹೊನ್ನೆಯ ಸಸಿಯನ್ನು ನೆಟ್ಟರೆ, ಮಗಳ ಮದುವೆಗೋ ಮನೆಯ ತೊಲೆಗೋ ಬೇಕಾದ ಕಾಲದಲ್ಲಿ ಹತ್ತು ಸಲ ಕಚೇರಿಗೆ ಅಲೆಯಬೇಕಾದೀತೆಂದು ಬಲ್ಲ ಸಂಸಾರಿಯು, ಅಲೆಯುವ ಪ್ರಮೇಯವೇ ಇಲ್ಲದ ಮರವನ್ನು ನೆಡುತ್ತಾನೆ. ಅಷ್ಟೇ ಅಲ್ಲ, ತಾನಾಗಿಯೇ ಹುಟ್ಟಿದ ನಾಡಮರದ ಸಸಿಯನ್ನು, ಅದು ಮರವೆನ್ನಿಸಿಕೊಳ್ಳುವ ಮುನ್ನವೇ, ಕಳೆಯೊಂದಿಗೆ ಸವರಿಬಿಡುವುದೂ ಉಂಟು.

ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಸಿಕ್ಕು ಬಿದ್ದಿದೆ. ಜಮ್ಮಾ ಹಿಡುವಳಿಯ ಗದ್ದೆಗೆ ಹೊಂದಿಕೊಂಡು, ಸೊಪ್ಪು ಸೌದೆ ಮೇವುಗಳಿಗಾಗಿ ಬಿಟ್ಟುಕೊಟ್ಟ ಗುಡ್ಡದ ನೆಲಕ್ಕೆ ಬಾಣೆಯೆಂದು ಹೆಸರು. 1899ರ ಕೊಡಗಿನ ಭೂಕಂದಾಯ ಕಾಯಿದೆಯ ಕಾಲದಿಂದ ಬಂದ ಪದ್ಧತಿಯಲ್ಲಿ, ನೆಲದ ಅನುಭವ ಒಬ್ಬನದಾದರೂ ಮರದ ಬೆಲೆಯು ಸರಕಾರಕ್ಕೆ ಸಲ್ಲಬೇಕಾದ ಜಮೀನುಗಳುಂಟು. ಮರದ ಬೆಲೆಯನ್ನು ಕಟ್ಟಿ ಬಿಡಿಸಿಕೊಂಡದ್ದನ್ನು ‘ರಿಡೀಮ್ಡ್’ ಎಂದೂ, ಬಿಡಿಸಿಕೊಳ್ಳದಿದ್ದುದನ್ನು ‘ಅನ್‌ರಿಡೀಮ್ಡ್’ ಎಂದೂ ಕಚೇರಿಯ ಭಾಷೆಯಲ್ಲಿ ಇಂದಿಗೂ ಕರೆಯುತ್ತಾರೆ. ನೆಲ ಉತ್ತವನೊಬ್ಬ, ಮರದ ಹಕ್ಕುಳ್ಳವನು ಇನ್ನೊಬ್ಬ. ಅಜ್ಜನ ಕಾಲದಿಂದ ಬೇಲಿ ಕಟ್ಟಿ, ಬೆಂಕಿ ಬಾರದಂತೆ ಕಾದು, ಬೆಳೆಸಿದ ಬೀಟೆಯ ಮರವು ತನ್ನದಲ್ಲವೆಂದು ತಿಳಿದ ಮೇಲೆ ಮೊಮ್ಮಗನಿಗೆ ಅದರ ಮೇಲೆ ಮಮತೆ ಎಲ್ಲಿಂದ ಬರಬೇಕು? ಹೀಗಿದ್ದರೂ ಆ ಜಿಲ್ಲೆಯಲ್ಲಿ ಇಷ್ಟು ಮರ ಉಳಿದಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು, ಎಷ್ಟೇ ಕುಗ್ಗಿದ್ದರೂ, ಇಂದಿಗೂ ಉಳಿದಿವೆ. ಕಾಯಿದೆಯ ಬಲದಿಂದ ಉಳಿದವೆಂದು ಯಾರೂ ಹೇಳಲಾರರು. ಹಾಗಾದರೆ ಯಾವುದರಿಂದ ಉಳಿದವು? ಅದನ್ನೇ ಕೇಳಿ ತಿಳಿಯಬೇಕೆಂದು ನಮ್ಮ ವಾದ.

ಶ್ರೀಗಂಧದ ಕಥೆಯನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. 1792ರಲ್ಲಿ ಮೈಸೂರಿನ ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನೆಂಬುದು ಪ್ರಸಿದ್ಧವಾದ ಸಂಗತಿ. ಸುಲ್ತಾನನು ಹೋದನು, ಮಹಾರಾಜರ ಆಳ್ವಿಕೆ ಬಂದಿತು, ಅದೂ ಹೋಗಿ ಪ್ರಜಾಪ್ರಭುತ್ವ ಬಂದಿತು. ಗಂಧದ ಮರ ಮಾತ್ರ, ಯಾರ ಹಿತ್ತಲಲ್ಲಿ ಹುಟ್ಟಿದರೂ, ಅರಸನದಾಗಿಯೇ ಉಳಿಯಿತು. ಹಿತ್ತಲಲ್ಲಿ ಗಂಧ ಹುಟ್ಟಿತೆಂದರೆ ಮನೆಗೆ ಲಕ್ಷ್ಮಿ ಬಂದಳೆಂದು ಹಿಗ್ಗುವ ಬದಲು, ಇಲಾಖೆಯವರು ಬಂದರೆಂದು ಹೆದರುವ ಸ್ಥಿತಿ. ಕಳ್ಳನು ಕಡಿದರೂ ಒಡೆಯನೇ ಉತ್ತರ ಹೇಳಬೇಕು. ಬುದ್ಧಿವಂತರು ಸಸಿಯಿದ್ದಾಗಲೇ ಕಿತ್ತು ನಿಶ್ಚಿಂತರಾದರು. 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ನೆಲದ ಒಡೆಯನೇ ಗಂಧದ ಮರದ ಒಡೆಯನೂ ಹೌದೆಂದು ಒಪ್ಪಿಕೊಂಡ ಮೇಲೆ ರೈತರು ತಾವಾಗಿ ಗಂಧವನ್ನು ನೆಡತೊಡಗಿದರು. ಕಳ್ಳರ ಭಯ ಇಂದಿಗೂ ತಪ್ಪಿಲ್ಲ, ನಿಜ. ಆದರೂ ಇನ್ನೂರು ವರ್ಷ ಗಂಧದ ನಾಡೆಂದು ಬೀಗಿದ ನಾವು, ಗಂಧವನ್ನು ಸಾಕುವವನ ಮನಸ್ಸೇನೆಂದು ಕೇಳಲು ಅಷ್ಟು ಕಾಲ ತೆಗೆದುಕೊಂಡೆವು. ಬೀಟೆ ಹೊನ್ನೆಗಳ ವಿಷಯದಲ್ಲಿಯೂ ಇನ್ನೂರು ವರ್ಷ ಬೇಕೇ?

ಪರದೇಶದ ಉದಾಹರಣೆಯನ್ನೆತ್ತಿದೊಡನೆ ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ನಾವೂ ಪರಾನುಕರಣದ ಪಕ್ಷಪಾತಿಗಳಲ್ಲ. ಆದರೂ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಒಂದು ಸಂಗತಿಯು ನಮ್ಮದಕ್ಕೆ ಕನ್ನಡಿ ಹಿಡಿದಂತಿರುವುದರಿಂದ ಅದನ್ನು ಹೇಳದೆ ಇರಲಾರೆವು. ಆ ದೇಶದ ಆಗ್ನೇಯ ಭಾಗದ ಪೈನ್ ಕಾಡುಗಳಲ್ಲಿ ರೆಡ್ ಕಾಕೇಡೆಡ್ ಎಂಬ ಒಂದು ಬಗೆಯ ಮರಕುಟಿಗವಿದೆ. ಜೀವಂತವಾದ ಹಳೆಯ ಪೈನ್ ಮರದ ಕಾಂಡವನ್ನೇ ಕೊರೆದು ಗೂಡು ಮಾಡುವುದು ಅದರ ಸ್ವಭಾವ. ಹಳೆಯ ಮರಗಳು ಮಾಯವಾದಂತೆ ಹಕ್ಕಿಯೂ ಕ್ಷೀಣಿಸಿತು. ಸರಕಾರವು ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1973ರ ಕಾಯಿದೆಯ ಮೇರೆಗೆ, ಈ ಹಕ್ಕಿ ಗೂಡು ಮಾಡಿದ ಖಾಸಗಿ ತೋಪಿನಲ್ಲಿ ಒಡೆಯನು ಮನಬಂದಂತೆ ಮರ ಕಡಿಯುವಂತಿಲ್ಲ. ಆಮೇಲೆ ಏನಾಯಿತು? ನೆರೆಯ ತೋಪಿಗೆ ಹಕ್ಕಿ ಬಂದಿತೆಂದು ಕೇಳಿದ ಒಡೆಯನು, ತನ್ನ ಮರಗಳು ಹಕ್ಕಿಗೆ ಒಪ್ಪುವಷ್ಟು ಹಳೆಯವಾಗುವ ಮುನ್ನವೇ ಕಡಿದು ಮಾರತೊಡಗಿದನು. ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ, ಹಕ್ಕಿಯಿದ್ದ ಜಾಗಕ್ಕೆ ಹತ್ತಿರವಾದಷ್ಟೂ ಮರಗಳನ್ನು ಎಳೆಯ ವಯಸ್ಸಿನಲ್ಲಿಯೇ ಕಡಿದಿದ್ದರೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಹಕ್ಕಿಯನ್ನು ಕಾಯಲು ಹೊರಟ ಕಾಯಿದೆಯೇ ಕೆಲವು ಕಡೆ ಹಕ್ಕಿಯ ಮನೆಯನ್ನು ಕೆಡವಿಸಿತು.

ಅಲ್ಲಿನ ಅಧಿಕಾರಿಗಳು ಹಠ ಹಿಡಿಯಲಿಲ್ಲ. 1995ರಲ್ಲಿ ಅದೇ ಉತ್ತರ ಕೆರೊಲೈನಾದ ಸ್ಯಾಂಡ್‌ಹಿಲ್ಸ್ ಪ್ರದೇಶದಲ್ಲಿ ಒಡೆಯರೊಂದಿಗೆ ಒಂದು ಕರಾರು ಮಾಡಿಕೊಂಡರು. ಈ ದಿನ ನಿನ್ನ ತೋಪಿನಲ್ಲಿ ಎಷ್ಟು ಹಕ್ಕಿಯ ಗುಂಪುಗಳಿವೆಯೋ ಅಷ್ಟನ್ನು ಕಾಯುವ ಹೊಣೆ ನಿನ್ನದು. ನಿನ್ನ ಒಳ್ಳೆಯ ಆರೈಕೆಯಿಂದ ಮುಂದೆ ಹೆಚ್ಚು ಹಕ್ಕಿ ಬಂದರೆ ಅದಕ್ಕಾಗಿ ನಿನ್ನ ಮೇಲೆ ಹೊಸ ನಿರ್ಬಂಧ ಹೊರಿಸುವುದಿಲ್ಲ. ಇದೇ ಆ ಕರಾರಿನ ಸಾರ. ಹಕ್ಕಿಯ ಭಯ ಹೋಯಿತು. ಒಡೆಯರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಸರಕಾರಿ ಕಾಡುಗಳಲ್ಲಿಯೂ ಸೇನೆಯ ಬಯಲುಗಳಲ್ಲಿಯೂ ನಡೆದ ದೀರ್ಘಪ್ರಯತ್ನವೂ ಇದರೊಡನೆ ಸೇರಿ, 2024ರ ಅಕ್ಟೋಬರಿನಲ್ಲಿ ಆ ಹಕ್ಕಿಯನ್ನು ಹೆಚ್ಚು ಅಪಾಯದ ಪಟ್ಟಿಯಿಂದ ಕಡಿಮೆ ಅಪಾಯದ ಪಟ್ಟಿಗೆ ಇಳಿಸಲು ಸಾಧ್ಯವಾಯಿತು.

ಒಡೆಯನ ಮನಸ್ಸನ್ನು ತಿಳಿಯುವ ಕೆಲಸವನ್ನು ಆ ದೇಶದವರು ಇಂತಹ ಒಂದೆರಡು ಕರಾರುಗಳಿಗೇ ಬಿಟ್ಟಿಲ್ಲ. ಅಲ್ಲಿಯ ಅರಣ್ಯ ಇಲಾಖೆಯು ಖಾಸಗಿ ಕಾಡುಗಳ ಒಡೆಯರಲ್ಲಿ ಕೆಲವರನ್ನು ಚೀಟಿಯೆತ್ತಿದಂತೆ ಆರಿಸಿ, ಅಂಚೆಯ ಮೂಲಕ ಪ್ರಶ್ನಾವಳಿಯನ್ನು ಕಳುಹಿಸಿ ಉತ್ತರ ತರಿಸಿಕೊಳ್ಳುವ ಪದ್ಧತಿಯನ್ನು ದಶಕಗಳಿಂದ ನಡೆಸುತ್ತಿದೆ. 2018ರ ಸಮೀಕ್ಷೆಯಂತೆ, ಆ ದೇಶದ ಕಾಡಿನಲ್ಲಿ ನೂರಕ್ಕೆ 39 ಪಾಲು, ಎಂದರೆ 27 ಕೋಟಿ 20 ಲಕ್ಷ ಎಕರೆ, ಸುಮಾರು 96 ಲಕ್ಷ ಸಂಸಾರಗಳ ಒಡೆತನದಲ್ಲಿದೆ. ಕಾಡನ್ನು ಏತಕ್ಕಾಗಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ, ಮೊದಲು ಬಂದ ಉತ್ತರ ಮರದ ವ್ಯಾಪಾರವಲ್ಲ. ಚೆಲುವು, ಪಶುಪಕ್ಷಿಗಳು, ಮಕ್ಕಳಿಗೆ ಉಳಿಸಬೇಕೆಂಬ ಆಸೆ, ಇವೇ ಮುಂದೆ ಬಂದವು. ಮರದ ವ್ಯಾಪಾರದ ದೃಷ್ಟಿಯಿಂದಲೇ ಬುದ್ಧಿ ಹೇಳುತ್ತ ಬಂದವರಿಗೆ ಇದು ದೊಡ್ಡ ಪಾಠ. ವ್ಯಾಪಾರ ಬೇಡವಾದವನಿಗೆ ವ್ಯಾಪಾರದ ಉಪದೇಶವನ್ನು ಮಾಡಿ ಪ್ರಯೋಜನವೇನು? ಹಕ್ಕಿ ಬೇಕೆನ್ನುವವನಿಗೆ ಹಕ್ಕಿ ಬರುವಂತೆ ತೋಪನ್ನು ನೋಡಿಕೊಳ್ಳುವ ಬಗೆಯನ್ನು ಹೇಳಿಕೊಟ್ಟರೆ ಅವನು ಕಿವಿಗೊಡುತ್ತಾನೆ.

ಕೊಡಗಿನವರ ಉತ್ತರವೂ ಹೀಗೆಯೇ ಬರುವುದೆಂದು ನಾವು ಭವಿಷ್ಯ ನುಡಿಯುವುದಿಲ್ಲ. ಅಮೆರಿಕದವನ ತೋಪಿಗೆ ಬರುವುದು ಮರಕುಟಿಗ. ನಮ್ಮವನ ತೋಟಕ್ಕೆ ಬರುವುದು ಆನೆ. ಬೇಲಿ ಮುರಿದು, ಬಾಳೆ ಉರುಳಿಸಿ, ಕಾಫಿ ಗಿಡಗಳನ್ನು ತುಳಿದು ಹೋದ ಮರುದಿನ ವನ್ಯಮೃಗಗಳ ಮೇಲೆ ನಿಮಗೆ ಪ್ರೀತಿಯಿದೆಯೇ ಎಂದು ಯಾರನ್ನಾದರೂ ಕೇಳಿದರೆ ಬರುವ ಉತ್ತರವನ್ನು ಅಚ್ಚು ಹಾಕಲಾಗದು. ಅದೂ ಉತ್ತರವೇ. ಕಚೇರಿಯಲ್ಲಿ ಕುಳಿತು ಊಹಿಸಿದ ಭಕ್ತಿಗಿಂತ ಜಗಲಿಯ ಮೇಲೆ ಕೇಳಿದ ಬೈಗುಳ ಸರಕಾರಕ್ಕೆ ಹೆಚ್ಚು ಉಪಯುಕ್ತವಾದೀತು.

ಪಶ್ಚಿಮಘಟ್ಟಗಳ ವಿಷಯದಲ್ಲಿ ಕಳೆದ ಹದಿನೈದು ವರ್ಷಗಳಿಂದ ನಡೆದಿರುವುದನ್ನು ನೋಡಿದರೆ ಕೇಳದೆ ಮಾಡಿದ ಕೆಲಸದ ಗತಿ ಏನಾಗುವುದೆಂದು ತಿಳಿಯುತ್ತದೆ. 2011ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು ವರದಿ ಒಪ್ಪಿಸಿತು. ಘಟ್ಟದ ವಿಷಯವನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದು ಅದು ಹೇಳಿತ್ತು. ಆ ಮಾತು ಯಾರಿಗೂ ರುಚಿಸಲಿಲ್ಲ. 2013ರಲ್ಲಿ ಕಸ್ತೂರಿರಂಗನ್ ಅವರ ಸಮಿತಿಯು ಉಪಗ್ರಹದ ಚಿತ್ರಗಳನ್ನಾಧರಿಸಿ, ಸ್ವಾಭಾವಿಕ ನೆಲವಾವುದು, ಮನುಷ್ಯ ಪಳಗಿಸಿದ ನೆಲವಾವುದು ಎಂದು ವಿಂಗಡಿಸಿ, ಸುಮಾರು 60 ಸಾವಿರ ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ನೆರಳು ದಟ್ಟವಾಗಿರುವ ತೋಟವೂ ಕಾಡೂ ಆಕಾಶಕ್ಕೆ ಒಂದೇ. ಮರ ಉಳಿಸಿದವನ ಊರು ಪಟ್ಟಿಯಲ್ಲಿ ಸೇರೀತು, ಬೋಳು ಮಾಡಿದವನ ಊರು ಬಿಟ್ಟುಹೋದೀತು ಎಂಬ ಭಾವನೆ ಹಳ್ಳಿಗಳಲ್ಲಿ ಹಬ್ಬಲು ಇಷ್ಟೇ ಸಾಕಾಯಿತು. ಆ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದು ಬೇರೆ ಮಾತು. ಅದನ್ನು ಹೋಗಲಾಡಿಸಲು ಯಾರೂ ಹಳ್ಳಿಗೆ ಹೋಗಲಿಲ್ಲವೆಂಬುದು ಮುಖ್ಯ. ಕೇಂದ್ರದವರು ಕರಡು ಪ್ರಕಟಣೆಯ ಮೇಲೆ ಕರಡು ಹೊರಡಿಸಿದರು. 2024ರ ಜುಲೈ ತಿಂಗಳ ಕೊನೆಯಲ್ಲಿ ಬಂದದ್ದು ಆರನೆಯದು. ಅದರಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರು ಸೇರಿತ್ತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಅದನ್ನು ತಿರಸ್ಕರಿಸಿತು. ಹೇರಿದವರೂ ಒಡೆಯನನ್ನು ಕೇಳಿರಲಿಲ್ಲ, ತಿರಸ್ಕರಿಸಿದವರೂ ಕೇಳಿರಲಿಲ್ಲ. ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಲು ಅರುವತ್ತು ದಿನ ಕೊಟ್ಟಿದ್ದೆವಲ್ಲ ಎಂದು ಅಧಿಕಾರಿಗಳು ಹೇಳಬಹುದು. ಗ್ಯಾಜೆಟ್ಟಿನ ಭಾಷೆಯನ್ನು ಬಿಡಿಸಿ ಓದಿ, ವಕೀಲರನ್ನು ಹಿಡಿದು, ಡೆಲ್ಲಿಗೆ ಕಾಗದ ಬರೆಯಬಲ್ಲವನು ಆಕ್ಷೇಪಿಸಿದನು; ಉಳಿದವರು ರಾಜಕೀಯದವರ ಭಾಷಣ ಕೇಳಿ ಮನೆಗೆ ಹೋದರು.

ಈ ಅಪನಂಬಿಕೆಗೆ ಹಳೆಯ ಬೇರಿದೆ. ಕಾಡನ್ನು ಕಾಯುವುದೆಂದರೆ ಪ್ರಜೆಯನ್ನು ಅದರಿಂದ ಹೊರಗಿಡುವುದು ಎಂಬ ಬುದ್ಧಿಯನ್ನು ಪರಕೀಯ ಸರಕಾರವು 1878ರ ಕಾಯಿದೆಯಲ್ಲಿ ಬರೆಯಿತು, 1927ರ ಕಾಯಿದೆಯಲ್ಲಿ ಮತ್ತೆ ಬರೆಯಿತು. ಆ ಬುದ್ಧಿಯ ವಿರುದ್ಧವೇ 1930ರಲ್ಲಿ ಮುಂಬಯಿ ಮತ್ತು ಮಧ್ಯ ಪ್ರಾಂತಗಳ ಜನರು ಜಂಗಲ್ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. ಸ್ವರಾಜ್ಯ ಬಂದ ಮೇಲೂ ಅರಣ್ಯದ ಕಚೇರಿಗಳಲ್ಲಿ ಆ ಬುದ್ಧಿಯು ಪೂರಾ ನಿವೃತ್ತಿ ಹೊಂದಿಲ್ಲವೆಂದು ವ್ಯಸನದಿಂದ ಹೇಳಬೇಕಾಗಿದೆ. ಆದಕಾರಣ ಅಧಿಕಾರಿಯು ಮರದ ವಿಷಯ ವಿಚಾರಿಸಲು ಬಂದನೆಂದರೆ ಒಡೆಯನು ಮೊದಲು ಬಾಗಿಲು ಮುಚ್ಚುತ್ತಾನೆ, ಆಮೇಲೆ ಮಾತನಾಡುತ್ತಾನೆ.

ನಮ್ಮ ನಾಡಿನಲ್ಲಿಯೇ ಬೇರೆ ಬಗೆಯ ದೃಷ್ಟಾಂತವೂ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ ಅರಳಿ ಮರಗಳಲ್ಲಿ, ಜನರ ಮನೆಯ ಮಾಡಿನ ಮೇಲೆಯೇ ಎಂಬಂತೆ, ಗೂಡು ಕಟ್ಟುತ್ತವೆ. ಮರಗಳಲ್ಲಿ ಹಲವು ಗ್ರಾಮಸ್ಥರ ಸ್ವಂತದವು. ಹಕ್ಕಿ ಕುಳಿತ ಮರದ ಹುಣಿಸೆಹಣ್ಣಿನ ಆಸೆ ಬಿಡಬೇಕು, ವಾಸನೆ ಸಹಿಸಬೇಕು. ಬಂದ ಹಕ್ಕಿಗಳನ್ನು ಹೆರಿಗೆಗೆ ತೌರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡ ಆ ಗ್ರಾಮಸ್ಥರಿಂದಲೇ ಅವು ಉಳಿದವು. ಹಣ್ಣಿನ ನಷ್ಟಕ್ಕೆ ಮರದ ಒಡೆಯರಿಗೆ ಇಲಾಖೆಯು ಹಣ ಕೊಡುವ ಏರ್ಪಾಡೂ ಆಯಿತು. 2007ರಲ್ಲಿ ಆ ಊರು ರಾಜ್ಯದ ಮೊದಲನೆಯ ಸಮುದಾಯ ಮೀಸಲು ಪ್ರದೇಶವಾಯಿತು. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು ಇದಕ್ಕೆ ಅವಕಾಶ ಕಲ್ಪಿಸಿತ್ತು. ಖಾಸಗಿ ನೆಲವುಳ್ಳವನೂ ತಾನಾಗಿ ಮುಂದೆ ಬಂದರೆ ತನ್ನ ಭೂಮಿಯನ್ನು ಹೀಗೆ ಮೀಸಲಿಡಬಹುದು. ಆದರೆ ಒಮ್ಮೆ ಪ್ರಕಟಣೆಯಾಯಿತೆಂದರೆ, ಸಮಿತಿಯ ನಿರ್ಣಯವೂ ರಾಜ್ಯ ಸರಕಾರದ ಅನುಮತಿಯೂ ಇಲ್ಲದೆ ಆ ನೆಲದ ಉಪಯೋಗವನ್ನು ಬದಲಾಯಿಸುವಂತಿಲ್ಲ. ಒಳಕ್ಕೆ ಬಾಗಿಲಿದೆ, ಹೊರಕ್ಕೆ ಇಲ್ಲ. ಇಂತಹ ಮನೆಗೆ ಗೃಹಸ್ಥನು ಹೆಂಡಿರು ಮಕ್ಕಳ ಹೊಣೆ ಹೊತ್ತು ನುಗ್ಗುವನೇ? ಸ್ಯಾಂಡ್‌ಹಿಲ್ಸಿನವರು ಮಾಡಿದಂತೆ ಹತ್ತು ಹದಿನೈದು ವರ್ಷಗಳ ಕರಾರನ್ನು ಮುಂದಿಟ್ಟರೆ ಎಷ್ಟು ಜನ ಒಪ್ಪುವರು, ಯಾವ ಷರತ್ತಿಗೆ ಒಪ್ಪುವರು, ನಾಡಮರ ಸಾಕಿದವನಿಗೆ ಪರವಾನಿಗೆಯಿಲ್ಲದೆ ಕಡಿಯುವ ಹಕ್ಕನ್ನು ಮುಂಚಿತವಾಗಿ ಬರೆದುಕೊಟ್ಟರೆ ಅವನು ಹೆಚ್ಚು ನೆಡುವನೋ ಇದ್ದುದನ್ನೂ ಕಡಿಯುವನೋ, ಇವೆಲ್ಲ ತರ್ಕದಿಂದ ಬಗೆಹರಿಯತಕ್ಕ ಪ್ರಶ್ನೆಗಳಲ್ಲ. ಹೋಗಿ ಕೇಳಬೇಕು.

ಹಕ್ಕನ್ನು ಬಿಟ್ಟುಕೊಟ್ಟರೆ ತೋಟದವರು ಮರುದಿನವೇ ಬೆಟ್ಟವನ್ನು ಬೋಳಿಸುವರೆಂಬ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಬೋಳಿಸುವವರಿದ್ದಾರೆ. ಕಾಫಿಯ ಧಾರಣೆ ಬಿದ್ದ ವರ್ಷಗಳಲ್ಲಿ ಬೀಟೆಯ ಮೇಲೆ ಕೈಹಾಕಿದವರನ್ನೂ, ಬಾಣೆಯನ್ನು ಸೈಟುಗಳಾಗಿ ತುಂಡರಿಸಿ ಮಾರಿದವರನ್ನೂ, ಹೊಳೆಯ ದಂಡೆಯ ಮೇಲೆ ವಿಹಾರಗೃಹ ಕಟ್ಟಿ ಗುಡ್ಡ ಕಡಿದವರನ್ನೂ ನಾಡೇ ಬಲ್ಲದು. ಹಾಗೆಂದು ಹತ್ತು ಮಂದಿ ಲೋಭಿಗಳನ್ನು ಹಿಡಿಯುವ ಬಲೆಯನ್ನು ಸಾವಿರ ಮಂದಿ ಸಂಸಾರಸ್ಥರ ಮೇಲೆ ಹರಡಿದರೆ, ಹತ್ತು ಮಂದಿ ದುಡ್ಡು ಚೆಲ್ಲಿ ಪಾರಾಗುತ್ತಾರೆ, ಸಿಕ್ಕಿಬೀಳುವವರು ಉಳಿದವರೇ.

ಸಮೀಕ್ಷೆಯೇನೋ ಆಗಬೇಕು, ಆದರೆ ಅದು ಹೇಗಾಗಬೇಕೆಂಬುದರ ಮೇಲೆ ಎಲ್ಲವೂ ನಿಂತಿದೆ. ರೇಂಜರನೂ ಶಾನುಭೋಗನ ಸ್ಥಾನದಲ್ಲಿರುವ ಗ್ರಾಮಲೆಕ್ಕಿಗನೂ ಪುಸ್ತಕ ಹಿಡಿದು ಹೋದರೆ ಬರುವ ಉತ್ತರ ಕಾಗದಕ್ಕೂ ಬೆಲೆಯಿಲ್ಲದ್ದು. ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರದ ಕಾಲೇಜಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ಈ ಕೆಲಸವನ್ನು ವಹಿಸಬೇಕು. ಪ್ರಶ್ನೆಗಳು ತಿಳಿಗನ್ನಡದಲ್ಲಿರಬೇಕು, ಕೊಡವ ಭಾಷೆಯಲ್ಲಿ ಮಾತನಾಡಬಲ್ಲವರು ಜೊತೆಗಿರಬೇಕು. ಉತ್ತರ ಕೊಟ್ಟವನ ಹೆಸರೂ ಸರ್ವೆ ನಂಬರೂ ಕಂದಾಯದ ಕಚೇರಿಗಾಗಲಿ ಅರಣ್ಯದ ಕಚೇರಿಗಾಗಲಿ ಹೋಗತಕ್ಕದ್ದಲ್ಲವೆಂದು ಸರಕಾರವು ಆಜ್ಞೆಯ ಮೂಲಕ ಮಾತು ಕೊಡಬೇಕು, ಕೊಟ್ಟ ಮಾತನ್ನು ನಡೆಸಬೇಕು.

ಯಾರನ್ನು ಕೇಳಬೇಕೆಂಬುದೂ ಸುಲಭದ ಪ್ರಶ್ನೆಯಲ್ಲ. ಜಮ್ಮಾ ಆಸ್ತಿಯು ಒಕ್ಕಕ್ಕೆ ಸೇರಿದ್ದು; ದಫ್ತರದಲ್ಲಿ ಪಟ್ಟೆದಾರನೊಬ್ಬನ ಹೆಸರಿದ್ದರೂ ಅನುಭವಿಸುವ ಕುಟುಂಬಗಳು ಹಲವು. ಪಟ್ಟೆದಾರನನ್ನು ಮಾತ್ರ ಕೇಳಿದರೆ ಒಂದು ಬಾಯಿಯ ಮಾತು ಹತ್ತು ಮನೆಯ ಮಾತಾಗಿ ದಾಖಲಾಗುವುದು. ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಉದ್ಯೋಗದಲ್ಲಿರುವ ಮಗನೂ ಮಗಳೂ ನಾಳೆ ಈ ನೆಲದ ಗತಿಯನ್ನು ನಿರ್ಣಯಿಸುವವರು. ಅವರಿಗೂ ಕಾಗದ ಹೋಗಬೇಕು. ತೋಟವನ್ನು ನಿಂತು ನೋಡಿಕೊಳ್ಳುವ ಹೆಂಗಸರನ್ನು ಬಿಟ್ಟು ಮನೆಯ ಯಜಮಾನನನ್ನಷ್ಟೇ ಕೇಳಿ ಬಂದರೆ ಅರ್ಧ ಸಂಗತಿ ಮನೆಯೊಳಗೇ ಉಳಿಯುವುದು. ಇವರೆಲ್ಲರಿಗಿಂತ ಹೆಚ್ಚಾಗಿ, ಒಂದು ಗೇಣು ನೆಲದ ಒಡೆತನವೂ ಇಲ್ಲದ ಲೈನುಮನೆಗಳ ಕೂಲಿಗಾರರಿದ್ದಾರೆ. ಮುಂಜಾನೆಯ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವಾಗ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟವರಲ್ಲಿ ಅವರೇ ಬಹಳ. ತೋಟದಲ್ಲಿ ಆನೆಗೆ ದಾರಿ ಬಿಡುವೆನೆಂದು ಒಡೆಯನು ಉದಾರವಾಗಿ ಒಪ್ಪಿದರೆ ಆ ಔದಾರ್ಯದ ಬೆಲೆ ತೆರುವವರು ಯಾರು? ಯರವರನ್ನೂ ಜೇನುಕುರುಬರನ್ನೂ ಹೊರಗಿನಿಂದ ಬಂದ ಕೂಲಿಗಾರರನ್ನೂ ಕೇಳದೆ ಬರೆದ ವನ್ಯಮೃಗಗಳ ಯೋಜನೆಯನ್ನು ನಾವಂತೂ ಒಪ್ಪಲಾರೆವು.

ಉತ್ತರಗಳು ಬಂದ ಮೇಲೆ ಅವುಗಳನ್ನು ಕಟ್ಟು ಕಟ್ಟಿ ವಿಧಾನಸೌಧದ ಯಾವುದೋ ಕೋಣೆಯಲ್ಲಿ ಇಡುವುದಾದರೆ ಈ ಶ್ರಮವೇ ಬೇಡ. ಸಮೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಪ್ರತಿಯೊಂದು ಗ್ರಾಮಪಂಚಾಯತಿಗೂ ಕಳುಹಿಸಬೇಕು. ಘಟ್ಟದ ವಿಷಯದಲ್ಲಿ ಇನ್ನು ಯಾವ ಕರಡು ಬಂದರೂ, ರಾಜ್ಯ ಸರಕಾರವು ಅದನ್ನು ಒಪ್ಪುವಾಗಲಿ ತಳ್ಳುವಾಗಲಿ, ಈ ಉತ್ತರಗಳನ್ನು ಉಲ್ಲೇಖಿಸಿ ಕಾರಣ ಹೇಳಬೇಕು. ಮೊದಲು ಕೊಡಗಿನಲ್ಲಿ ಆಗಲಿ. ಅಲ್ಲಿ ಕಲಿತ ಪಾಠದೊಡನೆ ಚಿಕ್ಕಮಗಳೂರು ಹಾಸನಗಳ ಕಾಫಿ ಸೀಮೆಗೂ, ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ಹೊಂದಿರುವ ಉತ್ತರ ಕನ್ನಡಕ್ಕೂ ಹೋಗಬಹುದು.

ಕಾಲದ ವಿಷಯದಲ್ಲಿ ಒಂದು ಮಾತು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಒಡೆಯನಿಗೂ ಆಳಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಷಾಢ ಶ್ರಾವಣಗಳ ಮಳೆಯಲ್ಲಿ ದಾರಿಯೇ ಇರುವುದಿಲ್ಲ. ಕೈಲ್ ಮುಹೂರ್ತ ಕಳೆದು ತುಲಾ ಸಂಕ್ರಮಣ ಬರುವುದರೊಳಗೆ ಜನರು ಮನೆಯಲ್ಲಿ ಸಿಕ್ಕುತ್ತಾರೆ, ಜಗಲಿಯ ಮೇಲೆ ಕುಳಿತು ಮಾತನಾಡುತ್ತಾರೆ. ಆ ಆರು ವಾರಗಳಲ್ಲಿ ಕೆಲಸ ನಡೆಯಬೇಕಾದರೆ ಪ್ರಶ್ನಾವಳಿಯನ್ನು ಬೇಸಗೆಯಲ್ಲಿಯೇ ಸಿದ್ಧಪಡಿಸಿಕೊಂಡಿರಬೇಕಾಗುತ್ತದೆ. ಅರಣ್ಯ ಮಂತ್ರಿಗಳು ಇದಕ್ಕೆ ಬೇಕಾದ ಆಜ್ಞೆಯನ್ನು ಈ ಆಯವ್ಯಯದ ಅಧಿವೇಶನದಲ್ಲಿಯೇ ಹೊರಡಿಸುವರೇ ಎಂದು ಮಲೆನಾಡಿನ ಶಾಸನಸಭಾ ಸದಸ್ಯರು ಎದ್ದು ನಿಂತು ಕೇಳಬೇಕು.